ರೂಫಸ್ ಕಿಂಗ್

ರೂಫಸ್ ಕಿಂಗ್ (ಮಾರ್ಚ್ 24, 1755 – ಏಪ್ರಿಲ್ 29, 1827) ಅಮೆರಿಕ ಸಂಯುಕ್ತ ಸಂಸ್ಥಾನದ ವಕೀಲರು, ರಾಜತಂತ್ರಜ್ಞರು ಹಾಗೂ ರಾಜಕಾರಣಿ. 1787ರಲ್ಲಿ ಫಿಲಡೆಲ್ಫಿಯದಲ್ಲಿ ನಡೆದ ಸಂವಿಧಾನ ರಚನಾ ಸಮಾವೇಶದಲ್ಲಿ ಇವರು ಮ್ಯಾಸಚೂಸೆಟ್ಸ್ ರಾಜ್ಯವನ್ನು ಪ್ರತಿನಿಧಿಸಿ ಸಂವಿಧಾನಕ್ಕೆ ಸಹಿ ಹಾಕಿದರು. ನಂತರ ನ್ಯೂಯಾರ್ಕ್ ರಾಜ್ಯದಿಂದ ಮೊದಲು 1789ರಿಂದ 1796ರವರೆಗೆ, ಮತ್ತೆ 1813ರಿಂದ 1825ರವರೆಗೆ (ನಡುವೆ ಕೆಲವು ತಿಂಗಳು ಸ್ಥಾನ ಖಾಲಿಯಿದ್ದುದನ್ನು ಬಿಟ್ಟು) ಸೆನೆಟ್ ಸದಸ್ಯರಾಗಿದ್ದರು. 1804 ಮತ್ತು 1808ರಲ್ಲಿ ಫೆಡರಲಿಸ್ಟ್ ಪಕ್ಷದ ಉಪಾಧ್ಯಕ್ಷ ಅಭ್ಯರ್ಥಿಯಾಗಿಯೂ 1816ರಲ್ಲಿ ಅಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಿಯೂ ಸೋತರು. ಆ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ಚುನಾಯಕರ ಮತ ಪಡೆದ ಕೊನೆಯ ಪ್ರಮುಖ ಅಭ್ಯರ್ಥಿ ಇವರೇ.

ಕಿಂಗ್ ಅವರ ಸಾರ್ವಜನಿಕ ಜೀವನವು ಅಮೆರಿಕದ ಮೊದಲ ಪಕ್ಷಪದ್ಧತಿಯ ಉದಯ ಹಾಗೂ ಅಸ್ತಗಳ ಜೊತೆಜೊತೆಗೆ ಸಾಗಿತು. ಅವರ ಪಕ್ಷವು ಶಾಸನಸಭೆಗಳಲ್ಲಿ ಒಂದೊಂದಾಗಿ ಸ್ಥಾನಗಳನ್ನು ಕಳೆದುಕೊಂಡು ಕಣ್ಮರೆಯಾದ ಕಾಲದಲ್ಲಿಯೇ, ಎದುರು ಪಕ್ಷದ ಶಾಸಕರ ಮತಗಳಿಂದ ಅವರು ಸೆನೆಟ್‌ಗೆ ಮರಳಿದರು.

ಆರಂಭಿಕ ಜೀವನ

ರೂಫಸ್ ಕಿಂಗ್ ಅವರು ಸ್ಕಾರ್ಬರೋ ಎಂಬ ಊರಿನಲ್ಲಿ ಜನಿಸಿದರು. ಆಗ ಮ್ಯಾಸಚೂಸೆಟ್ಸ್‌ಗೆ ಸೇರಿದ್ದ ಈ ಪ್ರದೇಶವು ಇಂದು ಮೇನ್ ರಾಜ್ಯದಲ್ಲಿದೆ. ತಂದೆ ರಿಚರ್ಡ್ ಕಿಂಗ್ ಅನುಕೂಲಸ್ಥ ವ್ಯಾಪಾರಿಯಾಗಿದ್ದರು. 1766ರಲ್ಲಿ, ಸ್ಟಾಂಪ್ ಕಾಯಿದೆಯ ವಿರುದ್ಧದ ಗಲಭೆಗಳ ಕಾಲದಲ್ಲಿ, ಗುಂಪೊಂದು ಅವರ ಮನೆಗೆ ನುಗ್ಗಿ ಸಾಮಾನು ಸರಂಜಾಮುಗಳನ್ನು ಧ್ವಂಸ ಮಾಡಿತು. ಇದರಿಂದ ಹುಟ್ಟಿದ ಮೊಕದ್ದಮೆಯಲ್ಲಿ ರಿಚರ್ಡ್ ಕಿಂಗ್ ಅವರ ಪರವಾಗಿ ವಾದಿಸಿದವರಲ್ಲಿ, ಮುಂದೆ ದೇಶದ ಎರಡನೆಯ ಅಧ್ಯಕ್ಷರಾದ ಜಾನ್ ಆಡಮ್ಸ್ ಅವರೂ ಇದ್ದರು.

ಬೈಫೀಲ್ಡ್‌ನ ಡಮ್ಮರ್ ಅಕಾಡೆಮಿಯಲ್ಲಿ ಶಿಕ್ಷಣ ಪಡೆದ ಕಿಂಗ್, 1777ರಲ್ಲಿ ಹಾರ್ವರ್ಡ್ ಕಾಲೇಜಿನಿಂದ ಪದವೀಧರರಾದರು. ಬಳಿಕ ನ್ಯೂಬರಿಪೋರ್ಟ್ ಪಟ್ಟಣದಲ್ಲಿ ಥಿಯೋಫಿಲಸ್ ಪಾರ್ಸನ್ಸ್ ಅವರ ಬಳಿ ಕಾನೂನು ಅಭ್ಯಾಸ ಮಾಡಿದರು. ಸ್ವಾತಂತ್ರ್ಯ ಸಮರದ ನಡುವೆ, 1778ರಲ್ಲಿ, ರೋಡ್ ಐಲೆಂಡ್ ಕಾರ್ಯಾಚರಣೆಯಲ್ಲಿ ಜನರಲ್ ಗ್ಲೋವರ್ ಅವರ ಸಹಾಯಕ ಅಧಿಕಾರಿಯಾಗಿ ಅಲ್ಪಕಾಲ ಸೇವೆ ಸಲ್ಲಿಸಿದರು. 1780ರಲ್ಲಿ ವಕೀಲಿ ವೃತ್ತಿಯನ್ನು ಆರಂಭಿಸಿದರು.

1783ರಲ್ಲಿ ಮ್ಯಾಸಚೂಸೆಟ್ಸ್ ಶಾಸನಸಭೆಗೆ ಆಯ್ಕೆಯಾದ ಕಿಂಗ್, ಮರುವರ್ಷ ಒಕ್ಕೂಟದ ಕಾಂಗ್ರೆಸ್ಸಿಗೆ ಪ್ರತಿನಿಧಿಯಾಗಿ ಹೋದರು. 1785ರಲ್ಲಿ, ಒಹಾಯೋ ನದಿಯ ವಾಯವ್ಯದ ಪ್ರದೇಶದಲ್ಲಿ ಗುಲಾಮಗಿರಿಯನ್ನು ನಿಷೇಧಿಸುವ ನಿರ್ಣಯವನ್ನು ಅಲ್ಲಿ ಮಂಡಿಸಿದರು. ಆ ನಿರ್ಣಯ ಆಗ ಅಂಗೀಕಾರವಾಗಲಿಲ್ಲ. ಎರಡು ವರ್ಷಗಳ ನಂತರ ಬಂದ ವಾಯವ್ಯ ಪ್ರದೇಶದ ಸುಗ್ರೀವಾಜ್ಞೆಯಲ್ಲಿ ಅಂಥ ನಿಷೇಧವು ಸೇರಿತು. 1786ರಲ್ಲಿ ಅವರು ನ್ಯೂಯಾರ್ಕಿನ ಶ್ರೀಮಂತ ವ್ಯಾಪಾರಿ ಜಾನ್ ಆಲ್ಸಪ್ ಅವರ ಮಗಳು ಮೇರಿ ಆಲ್ಸಪ್ ಅವರನ್ನು ವಿವಾಹವಾದರು.

ಸಂವಿಧಾನ ರಚನೆಯಲ್ಲಿ ಪಾತ್ರ

1787ರ ಸಮಾವೇಶದಲ್ಲಿ ಮೂವತ್ತೆರಡು ವರ್ಷದ ಕಿಂಗ್ ಉತ್ತಮ ವಾಗ್ಮಿಯೆಂದು ಹೆಸರಾದರು. ಬಲವಾದ ಕೇಂದ್ರ ಸರ್ಕಾರವನ್ನು ಬೆಂಬಲಿಸಿದ ಅವರು, ಸಂವಿಧಾನದ ಅಂತಿಮ ಕರಡನ್ನು ಸಿದ್ಧಪಡಿಸಿದ ಐವರ ಸಮಿತಿಯಲ್ಲಿ ಅಲೆಕ್ಸಾಂಡರ್ ಹ್ಯಾಮಿಲ್ಟನ್, ಜೇಮ್ಸ್ ಮ್ಯಾಡಿಸನ್, ಗವರ್ನರ್ ಮಾರಿಸ್ ಮತ್ತು ವಿಲಿಯಂ ಸ್ಯಾಮ್ಯುಯೆಲ್ ಜಾನ್ಸನ್ ಅವರೊಂದಿಗೆ ಕಾರ್ಯನಿರ್ವಹಿಸಿದರು.

ಪ್ರತಿನಿಧಿ ಸಭೆಯ ಸ್ಥಾನಗಳನ್ನು ರಾಜ್ಯಗಳಿಗೆ ಹಂಚುವಾಗ ಗುಲಾಮರ ಸಂಖ್ಯೆಯ ಐದರಲ್ಲಿ ಮೂರು ಭಾಗವನ್ನು ಜನಸಂಖ್ಯೆಗೆ ಸೇರಿಸುವ ನಿಯಮವನ್ನು ಸಮಾವೇಶವು ಒಪ್ಪಿತು. ಮತದಾನದ ಹಕ್ಕೇ ಇಲ್ಲದ ಗುಲಾಮರ ಹೆಸರಿನಲ್ಲಿ ಅವರ ಒಡೆಯರ ರಾಜ್ಯಗಳಿಗೆ ಹೆಚ್ಚಿನ ಸ್ಥಾನಗಳು ದೊರೆಯುವಂತಾಯಿತು. ಕಿಂಗ್ ಈ ಏರ್ಪಾಡಿನ ಬಗ್ಗೆ ಸಮಾವೇಶದಲ್ಲಿಯೇ ಅಸಮಾಧಾನ ಸೂಚಿಸಿದರಾದರೂ, ಒಕ್ಕೂಟ ಉಳಿಯಬೇಕೆಂಬ ಕಾರಣಕ್ಕೆ ಅಂತಿಮವಾಗಿ ಒಡಂಬಡಿಕೆಯನ್ನು ಒಪ್ಪಿ ಸಹಿ ಹಾಕಿದರು. ಮೂರು ದಶಕಗಳ ನಂತರ ಇದೇ ಪ್ರಶ್ನೆ ಅವರ ರಾಜಕೀಯದ ಕೇಂದ್ರವಾಯಿತು. 1788ರ ಫೆಬ್ರವರಿಯಲ್ಲಿ ಮ್ಯಾಸಚೂಸೆಟ್ಸ್ ರಾಜ್ಯವು ಸಂವಿಧಾನವನ್ನು 187–168 ಮತಗಳಿಂದ ಅನುಮೋದಿಸಿತು. ಆ ಅನುಮೋದನಾ ಸಭೆಯಲ್ಲಿಯೂ ಕಿಂಗ್ ಪ್ರಮುಖ ಪಾತ್ರ ವಹಿಸಿದರು.

ಸೆನೆಟ್ ಪ್ರವೇಶ

1788ರಲ್ಲಿ ಕಿಂಗ್ ನ್ಯೂಯಾರ್ಕ್ ನಗರಕ್ಕೆ ವಾಸಸ್ಥಳವನ್ನು ಬದಲಿಸಿದರು. ಮರುವರ್ಷ ಆ ರಾಜ್ಯದ ಅಸೆಂಬ್ಲಿಗೆ ಚುನಾಯಿತರಾಗಿ, ಅದೇ ವರ್ಷದ ಜುಲೈನಲ್ಲಿ ಸೆನೆಟ್‌ಗೆ ಆರಿಸಲ್ಪಟ್ಟರು.

ಆ ಕಾಲದಲ್ಲಿ ಸೆನೆಟ್ ಸದಸ್ಯರನ್ನು ಜನರು ನೇರವಾಗಿ ಆರಿಸುತ್ತಿರಲಿಲ್ಲ. ಆಯಾ ರಾಜ್ಯದ ಶಾಸಕಾಂಗವೇ ಆರಿಸುತ್ತಿತ್ತು. 1913ರಲ್ಲಿ ಹದಿನೇಳನೆಯ ತಿದ್ದುಪಡಿ ಜಾರಿಯಾಗುವವರೆಗೂ ಈ ಪದ್ಧತಿ ಮುಂದುವರಿಯಿತು. ಆದ್ದರಿಂದ ರಾಜ್ಯ ಶಾಸನಸಭೆಗೆ ನಡೆಯುವ ಚುನಾವಣೆಯು ಪರೋಕ್ಷವಾಗಿ ಸೆನೆಟ್ ಚುನಾವಣೆಯೂ ಆಗಿತ್ತು. ನ್ಯೂಯಾರ್ಕ್‌ನಲ್ಲಿ ಶಾಸಕಾಂಗದ ಎರಡು ಸದನಗಳು ಆಯ್ಕೆಯ ವಿಧಾನದ ಬಗ್ಗೆ ಒಮ್ಮತಕ್ಕೆ ಬಾರದೆ ಹೋದುದರಿಂದ, 1789ರಲ್ಲಿ ಹೊಸ ಕಾಂಗ್ರೆಸ್ ಸೇರಿ ಕೆಲವು ತಿಂಗಳು ಕಳೆದರೂ ಆ ರಾಜ್ಯಕ್ಕೆ ಸೆನೆಟ್ ಸದಸ್ಯರೇ ಇರಲಿಲ್ಲ. ಮೊದಲ ಅಧ್ಯಕ್ಷೀಯ ಚುನಾವಣೆಯಲ್ಲಿಯೂ ಇದೇ ಬಗೆಯ ಜಗಳದಿಂದ ನ್ಯೂಯಾರ್ಕ್ ಮತ ಚಲಾಯಿಸಲಿಲ್ಲ.

ಕಿಂಗ್ ಅವರೊಂದಿಗೆ ಆಯ್ಕೆಯಾದ ಫಿಲಿಪ್ ಸ್ಕೈಲರ್ ಅವರು 1791ರಲ್ಲಿ ಆರನ್ ಬರ್ ಎದುರು ಸ್ಥಾನ ಕಳೆದುಕೊಂಡರು. ದೀರ್ಘ ಅವಧಿ ದೊರೆತಿದ್ದ ಕಿಂಗ್ 1795ರಲ್ಲಿ ಪುನರಾಯ್ಕೆಯಾದರು. ಈ ವರ್ಷಗಳಲ್ಲಿ ಅವರು ಹ್ಯಾಮಿಲ್ಟನ್ ಅವರ ಹಣಕಾಸು ನೀತಿಯ ದೃಢ ಬೆಂಬಲಿಗರಾಗಿದ್ದರು. ಬ್ರಿಟನ್ನಿನೊಂದಿಗೆ ಜಾನ್ ಜೇ ಮಾಡಿಕೊಂಡ ಒಪ್ಪಂದವು ತೀವ್ರ ಜನವಿರೋಧಕ್ಕೆ ಗುರಿಯಾದಾಗ, ಅದನ್ನು ಸಮರ್ಥಿಸುವ ಪತ್ರಿಕಾ ಲೇಖನಮಾಲೆಯಲ್ಲಿ ಹ್ಯಾಮಿಲ್ಟನ್ ಅವರೊಂದಿಗೆ ಕೈಜೋಡಿಸಿದರು. ಹ್ಯಾಮಿಲ್ಟನ್ ಅವರ ಸುತ್ತ ಫೆಡರಲಿಸ್ಟ್ ಪಕ್ಷವೂ, ಥಾಮಸ್ ಜೆಫರ್ಸನ್ ಮತ್ತು ಮ್ಯಾಡಿಸನ್ ಅವರ ಸುತ್ತ ರಿಪಬ್ಲಿಕನ್ ಪಕ್ಷವೂ ರೂಪುಗೊಂಡದ್ದು ಇದೇ ಅವಧಿಯಲ್ಲಿ. ಎರಡನೆಯದನ್ನು ಇಂದಿನ ಇತಿಹಾಸಕಾರರು ಡೆಮಾಕ್ರಟಿಕ್-ರಿಪಬ್ಲಿಕನ್ ಪಕ್ಷವೆಂದು ಕರೆಯುತ್ತಾರೆ. ಅದಕ್ಕೂ 1854ರಲ್ಲಿ ಸ್ಥಾಪನೆಯಾದ ಇಂದಿನ ರಿಪಬ್ಲಿಕನ್ ಪಕ್ಷಕ್ಕೂ ಸಂಬಂಧವಿಲ್ಲ.

ಬ್ರಿಟನ್ನಿನಲ್ಲಿ ರಾಯಭಾರ

1796ರಲ್ಲಿ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಅವರು ಕಿಂಗ್ ಅವರನ್ನು ಬ್ರಿಟನ್ನಿಗೆ ರಾಯಭಾರಿಯಾಗಿ ನೇಮಿಸಿದರು. ಸೆನೆಟ್ ಸ್ಥಾನಕ್ಕೆ ರಾಜೀನಾಮೆ ನೀಡಿ ಲಂಡನ್ನಿಗೆ ತೆರಳಿದ ಅವರು 1803ರವರೆಗೂ ಅಲ್ಲಿದ್ದರು. ಎದುರು ಪಕ್ಷದ ಜೆಫರ್ಸನ್ 1801ರಲ್ಲಿ ಅಧ್ಯಕ್ಷರಾದ ನಂತರವೂ ಅವರನ್ನು ಹುದ್ದೆಯಲ್ಲಿ ಮುಂದುವರಿಸಿದರು. ಲೂಸಿಯಾನವನ್ನು ಸ್ಪೇನ್ ದೇಶವು ಫ್ರಾನ್ಸಿಗೆ ಹಿಂದಿರುಗಿಸುತ್ತಿದೆಯೆಂಬ ಸುದ್ದಿಯನ್ನು 1801ರಲ್ಲಿ ಸರ್ಕಾರಕ್ಕೆ ತಿಳಿಸಿದವರು ಕಿಂಗ್. ಕ್ರಾಂತಿಗೆ ಮುಂಚಿನ ಸಾಲಗಳ ಬಗ್ಗೆ ಬ್ರಿಟಿಷ್ ವ್ಯಾಪಾರಿಗಳಿಗಿದ್ದ ತಕರಾರನ್ನು 1802ರಲ್ಲಿ 6,00,000 ಪೌಂಡುಗಳಿಗೆ ಇತ್ಯರ್ಥಗೊಳಿಸಿದವರೂ ಅವರೇ.

ಇದೇ ಅವಧಿಯ ಒಂದು ನಿರ್ಧಾರ ಅವರಿಗೆ ಮುಂದೆ ಮುಳುವಾಯಿತು. 1798ರ ಐರಿಷ್ ಬಂಡಾಯ ವಿಫಲವಾದ ಮೇಲೆ ಸೆರೆಯಲ್ಲಿದ್ದ ಮುಖಂಡರನ್ನು ಅಮೆರಿಕಕ್ಕೆ ಕಳುಹಿಸುವ ಬ್ರಿಟಿಷ್ ಯೋಜನೆಗೆ ಕಿಂಗ್ ಆಕ್ಷೇಪಣೆ ಸಲ್ಲಿಸಿದ್ದರು. ಆ ಸೆರೆಯಾಳುಗಳಲ್ಲಿ ಒಬ್ಬರಾದ ಥಾಮಸ್ ಆಡಿಸ್ ಎಮೆಟ್ ನಂತರ ನ್ಯೂಯಾರ್ಕಿನಲ್ಲಿ ನೆಲೆಸಿ ಹೆಸರಾಂತ ವಕೀಲರಾದರು. 1807ರಲ್ಲಿ ಕಿಂಗ್ ರಾಜ್ಯ ಅಸೆಂಬ್ಲಿಗೆ ಸ್ಪರ್ಧಿಸಿದಾಗ ಎಮೆಟ್ ಈ ಹಳೆಯ ವಿಷಯವನ್ನು ಬಹಿರಂಗಪಡಿಸಿ ಅವರ ವಿರುದ್ಧ ಪ್ರಚಾರ ಮಾಡಿದರು. ವಲಸಿಗರ ಮತಗಳಿಗೆ ಮಹತ್ವವಿದ್ದ ನಗರದಲ್ಲಿ ಫೆಡರಲಿಸ್ಟರ ಪಟ್ಟಿ ಸೋತಿತು.

ಪಕ್ಷದ ಅವನತಿ

ಕಿಂಗ್ ಲಂಡನ್ನಿನಲ್ಲಿದ್ದಾಗಲೇ ಸ್ವದೇಶದ ರಾಜಕೀಯ ಬದಲಾಗಿತ್ತು. 1800–01ರ ಚುನಾವಣೆಗಳಲ್ಲಿ ಪ್ರತಿನಿಧಿ ಸಭೆಯ 106 ಸ್ಥಾನಗಳಲ್ಲಿ ರಿಪಬ್ಲಿಕನ್ನರು 68ನ್ನು ಗೆದ್ದು ಬಹುಮತ ಪಡೆದರು. ಆಗ ದೇಶಾದ್ಯಂತ ಒಂದೇ ದಿನ ಮತದಾನ ನಡೆಯುತ್ತಿರಲಿಲ್ಲ. ಪ್ರತಿ ರಾಜ್ಯವೂ ತನ್ನದೇ ದಿನಾಂಕ ಹಾಗೂ ನಿಯಮಗಳನ್ನು ಗೊತ್ತುಪಡಿಸಿಕೊಳ್ಳುತ್ತಿತ್ತು. ಕೆಲವು ರಾಜ್ಯಗಳು ಕ್ಷೇತ್ರವಾರು ಪ್ರತಿನಿಧಿಗಳನ್ನು ಆರಿಸಿದರೆ, ಇನ್ನು ಕೆಲವು ಇಡೀ ರಾಜ್ಯವನ್ನೇ ಒಂದು ಕ್ಷೇತ್ರವಾಗಿ ಪರಿಗಣಿಸುತ್ತಿದ್ದವು. ಎರಡನೆಯ ಪದ್ಧತಿಯಲ್ಲಿ ಅಲ್ಪ ಅಂತರದಿಂದ ಮುಂದಿರುವ ಪಕ್ಷವೂ ಎಲ್ಲ ಸ್ಥಾನಗಳನ್ನು ಗೆಲ್ಲಬಹುದಾಗಿತ್ತು.

1804ರ ಅಧ್ಯಕ್ಷೀಯ ಚುನಾವಣೆಯಲ್ಲಿ ಫೆಡರಲಿಸ್ಟರು ದಕ್ಷಿಣ ಕ್ಯಾರೊಲಿನದ ಚಾರ್ಲ್ಸ್ ಕೋಟ್ಸ್‌ವರ್ತ್ ಪಿಂಕ್ನಿ ಅವರನ್ನು ಅಧ್ಯಕ್ಷ ಸ್ಥಾನಕ್ಕೂ ಕಿಂಗ್ ಅವರನ್ನು ಉಪಾಧ್ಯಕ್ಷ ಸ್ಥಾನಕ್ಕೂ ನಿಲ್ಲಿಸಿದರು. ಅವರಿಗೆ ದೊರೆತದ್ದು 14 ಚುನಾಯಕರ ಮತಗಳು. ಜೆಫರ್ಸನ್ ಅವರಿಗೆ 162. ನ್ಯೂ ಇಂಗ್ಲೆಂಡಿನ ಕೆಲವು ಫೆಡರಲಿಸ್ಟರು ಉತ್ತರದ ರಾಜ್ಯಗಳನ್ನು ಒಕ್ಕೂಟದಿಂದ ಬೇರ್ಪಡಿಸುವ ಯೋಚನೆಯನ್ನು ಆ ವರ್ಷ ಮುಂದಿಟ್ಟಾಗ, ಹ್ಯಾಮಿಲ್ಟನ್ ಅವರಂತೆ ಕಿಂಗ್ ಕೂಡ ಅದನ್ನು ಒಪ್ಪಲಿಲ್ಲ.

ಜೆಫರ್ಸನ್ ಸರ್ಕಾರವು 1807ರ ಡಿಸೆಂಬರಿನಲ್ಲಿ ವಿದೇಶಿ ವ್ಯಾಪಾರವನ್ನು ನಿರ್ಬಂಧಿಸಿದಾಗ ಬಂದರು ಪಟ್ಟಣಗಳು ತತ್ತರಿಸಿದವು. ಫೆಡರಲಿಸ್ಟರು ಅಲ್ಪ ಚೇತರಿಕೆ ಕಂಡರು. 1808ರಲ್ಲಿ ಪಿಂಕ್ನಿ–ಕಿಂಗ್ ಜೋಡಿಗೆ 47 ಚುನಾಯಕರ ಮತಗಳು ಬಂದವು, ಮ್ಯಾಡಿಸನ್ ಅವರಿಗೆ 122. ಪ್ರತಿನಿಧಿ ಸಭೆಯಲ್ಲಿ ಪಕ್ಷದ ಸ್ಥಾನಗಳು 26ರಿಂದ 50ಕ್ಕೆ ಏರಿದವು. ಆದರೂ ಬಹುಮತ ಕೈಗೆಟುಕಲಿಲ್ಲ. ಈ ವೇಳೆಗೆ ಕಿಂಗ್ ಲಾಂಗ್ ಐಲೆಂಡಿನ ಜಮೈಕ ಗ್ರಾಮದಲ್ಲಿ ಮನೆ ಹಾಗೂ ಜಮೀನನ್ನು ಕೊಂಡು ಕೃಷಿಯಲ್ಲಿ ತೊಡಗಿದ್ದರು.

1812ರಲ್ಲಿ ಬ್ರಿಟನ್ನಿನ ವಿರುದ್ಧ ಯುದ್ಧ ಘೋಷಣೆಯಾಯಿತು. ಮ್ಯಾಡಿಸನ್ ಅವರನ್ನು ಸೋಲಿಸಲು ಬಹುಪಾಲು ಫೆಡರಲಿಸ್ಟರು ನ್ಯೂಯಾರ್ಕಿನ ರಿಪಬ್ಲಿಕನ್ ಭಿನ್ನಮತೀಯ ಡಿವಿಟ್ ಕ್ಲಿಂಟನ್ ಅವರನ್ನು ಬೆಂಬಲಿಸಲು ಮುಂದಾದರು. ಅಧಿಕಾರಕ್ಕಾಗಿ ಎದುರು ಪಕ್ಷದವರನ್ನೇ ಅಪ್ಪಿಕೊಳ್ಳುವ ಈ ತಂತ್ರವನ್ನು ಕಿಂಗ್ ವಿರೋಧಿಸಿದರು. ಕ್ಲಿಂಟನ್ 89 ಮತ ಪಡೆದು, 128 ಮತ ಗಳಿಸಿದ ಮ್ಯಾಡಿಸನ್ ಎದುರು ಸೋತರು.

ಯುದ್ಧಕಾಲದ ಸೆನೆಟರ್

ಯುದ್ಧದ ಬಗೆಗಿನ ಅಸಮಾಧಾನವು ನ್ಯೂಯಾರ್ಕ್ ಅಸೆಂಬ್ಲಿಯನ್ನು ಫೆಡರಲಿಸ್ಟರ ಕೈಗೆ ಒಪ್ಪಿಸಿತ್ತು. ಆದರೆ ಎರಡೂ ಸದನಗಳು ಸೇರಿ ಮತ ಚಲಾಯಿಸಿದಾಗ ರಿಪಬ್ಲಿಕನ್ನರಿಗೇ ಬಹುಮತವಿತ್ತು. ಹೀಗಿದ್ದೂ 1813ರ ಫೆಬ್ರವರಿಯಲ್ಲಿ ಕೆಲವು ರಿಪಬ್ಲಿಕನ್ ಶಾಸಕರು ತಮ್ಮ ಪಕ್ಷದ ಅಭ್ಯರ್ಥಿಯನ್ನು ಕೈಬಿಟ್ಟುದರಿಂದ ಕಿಂಗ್ ಆಯ್ಕೆಯಾದರು. ಹದಿನೇಳು ವರ್ಷಗಳ ನಂತರ ಅವರು ಸೆನೆಟ್‌ಗೆ ಮರಳಿದಾಗ ಅಲ್ಲಿ 28 ರಿಪಬ್ಲಿಕನ್ನರ ಎದುರು ಫೆಡರಲಿಸ್ಟರು ಎಂಟೇ ಮಂದಿ ಇದ್ದರು.

ಮೊದಲು ಯುದ್ಧವನ್ನು ಟೀಕಿಸುತ್ತಿದ್ದ ಕಿಂಗ್, 1814ರ ಆಗಸ್ಟಿನಲ್ಲಿ ಬ್ರಿಟಿಷ್ ಸೈನ್ಯವು ವಾಷಿಂಗ್ಟನ್ ನಗರಕ್ಕೆ ಬೆಂಕಿಯಿಟ್ಟ ಬಳಿಕ ನಿಲುವನ್ನು ಬದಲಿಸಿದರು. ದೇಶರಕ್ಷಣೆಗೆ ಬೇಕಾದ ಹಣ ಒದಗಿಸುವುದು ಪಕ್ಷಭೇದ ಮೀರಿದ ಕರ್ತವ್ಯವೆಂದು ವಾದಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ನ್ಯೂ ಇಂಗ್ಲೆಂಡಿನ ಫೆಡರಲಿಸ್ಟರು ಹಾರ್ಟ್‌ಫರ್ಡ್ ನಗರದಲ್ಲಿ ಗುಟ್ಟಾಗಿ ಸಭೆ ಸೇರಿದರು. ಆ ಸಭೆಯ ಬೇಡಿಕೆಗಳು ರಾಜಧಾನಿ ತಲುಪುವ ವೇಳೆಗೆ ನ್ಯೂ ಆರ್ಲಿಯನ್ಸ್ ವಿಜಯದ ಸುದ್ದಿಯೂ ಶಾಂತಿ ಒಪ್ಪಂದದ ಸುದ್ದಿಯೂ ಬಂದವು. ಸಭೆ ನಡೆಸಿದವರು ದೇಶದ್ರೋಹದ ಶಂಕೆಗೆ ಒಳಗಾದರು. ಕಿಂಗ್ ಆ ಸಭೆಯಲ್ಲಿ ಭಾಗವಹಿಸಿರಲಿಲ್ಲ. ಆದರೆ ಕಳಂಕ ಇಡೀ ಪಕ್ಷಕ್ಕೆ ಅಂಟಿತು.

1816ರ ಚುನಾವಣೆಗಳು

1816ರ ವಸಂತದಲ್ಲಿ ನ್ಯೂಯಾರ್ಕಿನ ಫೆಡರಲಿಸ್ಟರು ಕಿಂಗ್ ಅವರನ್ನು ಗವರ್ನರ್ ಸ್ಥಾನಕ್ಕೆ ನಿಲ್ಲಿಸಿದರು. ಅವರು ಡೇನಿಯಲ್ ಟಾಂಪ್ಕಿನ್ಸ್ ಎದುರು ಸೋತರು. ಅದೇ ವರ್ಷದ ಅಧ್ಯಕ್ಷೀಯ ಚುನಾವಣೆಗೆ ಪಕ್ಷವು ವಿಧಿವತ್ತಾಗಿ ಅಭ್ಯರ್ಥಿಯನ್ನೇ ಘೋಷಿಸಲಿಲ್ಲ. ನಿಜವಾದ ಸ್ಪರ್ಧೆ ಅದಕ್ಕೂ ಮುಂಚೆಯೇ, ಮಾರ್ಚ್ ತಿಂಗಳಲ್ಲಿ, ಕಾಂಗ್ರೆಸ್ಸಿನ ರಿಪಬ್ಲಿಕನ್ ಸದಸ್ಯರ ಆಂತರಿಕ ಸಭೆಯಲ್ಲಿ ಮುಗಿದಿತ್ತು. ಅಲ್ಲಿ ಜೇಮ್ಸ್ ಮನ್ರೊ 65 ಮತಗಳನ್ನೂ ವಿಲಿಯಂ ಕ್ರಾಫರ್ಡ್ 54 ಮತಗಳನ್ನೂ ಪಡೆದರು. ಒಂದು ಪಕ್ಷದ ಗೆಲುವು ಖಚಿತವಾಗಿದ್ದಾಗ ಆ ಪಕ್ಷದೊಳಗಿನ ಆಯ್ಕೆಯೇ ದೇಶದ ಆಯ್ಕೆಯಾಗುತ್ತಿತ್ತು.

ಚುನಾಯಕರು ಮತ ನೀಡಿದಾಗ ಮನ್ರೊ ಅವರಿಗೆ 183, ಕಿಂಗ್ ಅವರಿಗೆ 34 ಮತಗಳು ದೊರೆತವು. ಕಿಂಗ್ ಗೆದ್ದ ರಾಜ್ಯಗಳು ಮ್ಯಾಸಚೂಸೆಟ್ಸ್ (22), ಕನೆಕ್ಟಿಕಟ್ (9) ಮತ್ತು ಡೆಲವೇರ್ (3). ಈ ಮೂರೂ ರಾಜ್ಯಗಳಲ್ಲಿ ಚುನಾಯಕರನ್ನು ನೇಮಿಸಿದ್ದು ಮತದಾರರಲ್ಲ, ಶಾಸಕಾಂಗಗಳು. ಅಂದರೆ ಕಿಂಗ್ ಪಡೆದ ಎಲ್ಲ ಮತಗಳೂ ಫೆಡರಲಿಸ್ಟರು ಇನ್ನೂ ಉಳಿಸಿಕೊಂಡಿದ್ದ ರಾಜ್ಯ ಶಾಸನಸಭೆಗಳಿಂದಲೇ ಬಂದವು. ಅವರ ಸ್ವಂತ ರಾಜ್ಯದ 29 ಮತಗಳು, ಅಲ್ಲಿಯ ಶಾಸಕಾಂಗದ ನಿರ್ಧಾರದಂತೆ, ಮನ್ರೊ ಅವರಿಗೆ ಸಂದವು.

1819–20ರ ಸೆನೆಟ್ ಚುನಾವಣೆ

ಮನ್ರೊ ಆಡಳಿತದ ಅವಧಿಯನ್ನು ಸೌಹಾರ್ದದ ಯುಗವೆಂದು ಕರೆಯುವುದು ವಾಡಿಕೆ. 1818–19ರ ಚುನಾವಣೆಗಳ ನಂತರ ಪ್ರತಿನಿಧಿ ಸಭೆಯಲ್ಲಿ ರಿಪಬ್ಲಿಕನ್ನರು 160, ಫೆಡರಲಿಸ್ಟರು 26 ಮಂದಿ ಇದ್ದರು. ಆದರೆ ಎದುರಾಳಿ ದುರ್ಬಲವಾದಷ್ಟೂ ಆಳುವ ಪಕ್ಷದೊಳಗಿನ ಬಣಗಳ ಕಾದಾಟ ಹೆಚ್ಚಿತು. ನ್ಯೂಯಾರ್ಕಿನಲ್ಲಿ ಗವರ್ನರ್ ಡಿವಿಟ್ ಕ್ಲಿಂಟನ್ ಅವರ ಬಣಕ್ಕೂ ಮಾರ್ಟಿನ್ ವ್ಯಾನ್ ಬ್ಯೂರೆನ್ ನೇತೃತ್ವದ ‘ಬಕ್‌ಟೇಲ್’ ಬಣಕ್ಕೂ ಬದ್ಧವೈರವಿತ್ತು.

1819ರ ಮಾರ್ಚಿನಲ್ಲಿ ಕಿಂಗ್ ಅವರ ಸೆನೆಟ್ ಅವಧಿ ಮುಗಿಯಲಿತ್ತು. ಕ್ಲಿಂಟನ್ ಬಣದಿಂದ ಜಾನ್ ಸಿ. ಸ್ಪೆನ್ಸರ್, ಬಕ್‌ಟೇಲ್ ಬಣದಿಂದ ಸ್ಯಾಮ್ಯುಯೆಲ್ ಯಂಗ್, ಫೆಡರಲಿಸ್ಟರಿಂದ ಕಿಂಗ್ ಕಣದಲ್ಲಿದ್ದರು. ಯಾರಿಗೂ ಬಹುಮತ ಬಾರದೆ ಸ್ಥಾನ ಖಾಲಿ ಉಳಿಯಿತು. ಇದೇ ವರ್ಷ ಅವರ ಪತ್ನಿ ಮೇರಿ ನಿಧನರಾದರು.

ವ್ಯಾನ್ ಬ್ಯೂರೆನ್ ಅವರಿಗೆ ಕ್ಲಿಂಟನ್ ಅವರನ್ನು ಮಣಿಸಲು ಫೆಡರಲಿಸ್ಟರ ನೆರವು ಬೇಕಿತ್ತು. ಕಿಂಗ್ ಅವರ ವ್ಯಕ್ತಿತ್ವದ ಬಗ್ಗೆ ಗೌರವವೂ ಇತ್ತು. ಅವರು ವಿಲಿಯಂ ಮಾರ್ಸಿ ಅವರೊಂದಿಗೆ ಕಿರುಹೊತ್ತಗೆಯೊಂದನ್ನು ಬರೆದು, ಯುದ್ಧಕಾಲದಲ್ಲಿ ದೇಶದ ಪರ ನಿಂತ ಕಿಂಗ್ ಅವರನ್ನು ಬೆಂಬಲಿಸುವಂತೆ ರಿಪಬ್ಲಿಕನ್ ಶಾಸಕರನ್ನು ಕೋರಿದರು. ಕ್ಲಿಂಟನ್ ಬಣವೂ ವಿರೋಧಿಸುವ ಧೈರ್ಯ ತೋರಲಿಲ್ಲ. 1820ರ ಜನವರಿಯಲ್ಲಿ ಕಿಂಗ್ ಹೆಚ್ಚುಕಡಿಮೆ ಅವಿರೋಧವಾಗಿ ಆಯ್ಕೆಯಾದರು. 1821ರಿಂದ ನಾಲ್ಕು ವರ್ಷ ವ್ಯಾನ್ ಬ್ಯೂರೆನ್ ಮತ್ತು ಕಿಂಗ್ ನ್ಯೂಯಾರ್ಕಿನ ಇಬ್ಬರು ಸೆನೆಟರುಗಳಾಗಿ ಒಟ್ಟಿಗೆ ಕೆಲಸ ಮಾಡಿದರು.

ಮಿಸ್ಸೂರಿ ವಿವಾದ

1819ರ ಫೆಬ್ರವರಿಯಲ್ಲಿ ಮಿಸ್ಸೂರಿ ಪ್ರದೇಶಕ್ಕೆ ರಾಜ್ಯದ ಸ್ಥಾನ ಕೊಡುವ ಮಸೂದೆ ಚರ್ಚೆಗೆ ಬಂದಾಗ, ನ್ಯೂಯಾರ್ಕಿನ ರಿಪಬ್ಲಿಕನ್ ಸದಸ್ಯ ಜೇಮ್ಸ್ ಟಾಲ್ಮಡ್ಜ್ ಅಲ್ಲಿ ಗುಲಾಮಗಿರಿಯನ್ನು ನಿರ್ಬಂಧಿಸುವ ತಿದ್ದುಪಡಿ ಮಂಡಿಸಿದರು. ಪ್ರತಿನಿಧಿ ಸಭೆ ಅದನ್ನು ಅಂಗೀಕರಿಸಿತು, ಸೆನೆಟ್ ತಿರಸ್ಕರಿಸಿತು. ಸೆನೆಟ್‌ನಲ್ಲಿ ನಿರ್ಬಂಧದ ಪರವಾಗಿ ಮಾತನಾಡಿದವರಲ್ಲಿ ಕಿಂಗ್ ಪ್ರಮುಖರು. ಹೊಸ ರಾಜ್ಯಗಳಿಗೆ ಷರತ್ತು ವಿಧಿಸುವ ಅಧಿಕಾರ ಕಾಂಗ್ರೆಸ್ಸಿಗೆ ಇದೆಯೆಂದೂ, ಐದರಲ್ಲಿ ಮೂರರ ನಿಯಮವು ಮೂಲ ರಾಜ್ಯಗಳೊಂದಿಗೆ ಮಾಡಿಕೊಂಡ ಒಡಂಬಡಿಕೆಯಾಗಿದ್ದು, ಅದನ್ನು ಹೊಸ ಪ್ರದೇಶಗಳಿಗೆ ವಿಸ್ತರಿಸಿದರೆ ಗುಲಾಮರಿಲ್ಲದ ರಾಜ್ಯಗಳ ಮತದಾರರಿಗೆ ಅನ್ಯಾಯವಾಗುತ್ತದೆಯೆಂದೂ ಅವರು ವಾದಿಸಿದರು. ಅವರ ಭಾಷಣದ ಸಾರವು ಕಿರುಹೊತ್ತಗೆಯಾಗಿ ಉತ್ತರದ ರಾಜ್ಯಗಳಲ್ಲಿ ಹರಡಿತು.

1820ರ ಚರ್ಚೆಯಲ್ಲಿ ಅವರು ಇನ್ನೊಂದು ಹೆಜ್ಜೆ ಮುಂದಿಟ್ಟು, ಒಬ್ಬ ಮನುಷ್ಯನು ಇನ್ನೊಬ್ಬನನ್ನು ಗುಲಾಮನನ್ನಾಗಿಸುವುದು ಪ್ರಕೃತಿನಿಯಮಕ್ಕೇ ವಿರುದ್ಧವೆಂದು ಪ್ರತಿಪಾದಿಸಿದರು. ದಕ್ಷಿಣದ ಸದಸ್ಯರು ಇದರಿಂದ ಕೆರಳಿದರು. ಸತ್ತುಹೋಗುತ್ತಿದ್ದ ಫೆಡರಲಿಸ್ಟ್ ಪಕ್ಷವನ್ನು ಉತ್ತರದ ಮತಗಳಿಂದ ಬದುಕಿಸಲು ಹೂಡಿದ ಸಂಚು ಇದೆಂದು ಜೆಫರ್ಸನ್ ಅವರೂ ಶಂಕಿಸಿದರು. ಆದರೆ ಟಾಲ್ಮಡ್ಜ್ ಅವರೂ ತಿದ್ದುಪಡಿಯನ್ನು ಬೆಂಬಲಿಸಿದ ಉತ್ತರದ ಸದಸ್ಯರಲ್ಲಿ ಬಹುತೇಕರೂ ರಿಪಬ್ಲಿಕನ್ನರೇ ಆಗಿದ್ದರು. ಒಂದೇ ಪಕ್ಷದ ಹೆಸರಿನ ಕೆಳಗೆ ಉತ್ತರ ಹಾಗೂ ದಕ್ಷಿಣಗಳ ಭೇದ ಎಷ್ಟು ಆಳವಾಗಿತ್ತೆಂಬುದನ್ನು ಈ ಮತದಾನ ತೋರಿಸಿತು.

1820ರ ಮಾರ್ಚಿನ ಒಪ್ಪಂದದಂತೆ ಮಿಸ್ಸೂರಿಗೆ ಗುಲಾಮ ರಾಜ್ಯವಾಗಲು ಅನುಮತಿ ದೊರೆಯಿತು. ಮೇನ್ ಸ್ವತಂತ್ರ ರಾಜ್ಯವಾಯಿತು. ಮಿಸ್ಸೂರಿಯನ್ನು ಬಿಟ್ಟು, ಲೂಸಿಯಾನ ಖರೀದಿಯ ಉಳಿದ ಪ್ರದೇಶದಲ್ಲಿ 36°30′ ಅಕ್ಷಾಂಶದ ಉತ್ತರಕ್ಕೆ ಗುಲಾಮಗಿರಿ ನಿಷೇಧವಾಯಿತು. ಕಿಂಗ್ ಈ ರಾಜಿಯನ್ನು ವಿರೋಧಿಸಿ ಸೋತರು. ಹೊಸ ಮೇನ್ ರಾಜ್ಯದ ಮೊದಲ ಗವರ್ನರ್ ಆದವರು ಅವರ ಮಲಸಹೋದರ ವಿಲಿಯಂ ಕಿಂಗ್. ಅವರು ರಿಪಬ್ಲಿಕನ್ ಪಕ್ಷದವರು. 1822ರಲ್ಲಿ ಚಾರ್ಲ್ಸ್‌ಟನ್ ನಗರದಲ್ಲಿ ಡೆನ್ಮಾರ್ಕ್ ವೆಸಿ ಮತ್ತು ಸಂಗಡಿಗರು ದಂಗೆಯ ಸಂಚಿನ ಆರೋಪಕ್ಕೆ ಗುರಿಯಾದಾಗ, ಕಿಂಗ್ ಅವರ ಭಾಷಣಗಳು ಅವರನ್ನು ಪ್ರಚೋದಿಸಿದವೆಂಬ ಮಾತು ವಿಚಾರಣೆಯಲ್ಲಿ ಕೇಳಿಬಂದಿತು.

ಕೊನೆಯ ವರ್ಷಗಳು

1820ರಲ್ಲಿ ಮನ್ರೊ ಎದುರಾಳಿಯೇ ಇಲ್ಲದೆ ಪುನರಾಯ್ಕೆಯಾದರು. ಒಬ್ಬ ಚುನಾಯಕನನ್ನು ಬಿಟ್ಟು, ಮತ ಚಲಾಯಿಸಿದ ಉಳಿದೆಲ್ಲ ಚುನಾಯಕರೂ ಅವರನ್ನು ಬೆಂಬಲಿಸಿದರು. 1821ರಲ್ಲಿ ಕಿಂಗ್ ನ್ಯೂಯಾರ್ಕ್ ರಾಜ್ಯದ ಸಂವಿಧಾನ ಪರಿಷ್ಕರಣಾ ಸಮಾವೇಶದ ಸದಸ್ಯರಾಗಿದ್ದರು. ಅದು ರೂಪಿಸಿದ ಸಂವಿಧಾನವು ಬಿಳಿಯ ಪುರುಷರ ಮತದಾನಕ್ಕಿದ್ದ ಭೂಮಿ ಒಡೆತನದ ಷರತ್ತನ್ನು ತೆಗೆದುಹಾಕಿತು; ಕಪ್ಪು ವರ್ಣದ ಪುರುಷರಿಗೆ ಮಾತ್ರ 250 ಡಾಲರ್ ಮೌಲ್ಯದ ಆಸ್ತಿಯ ಷರತ್ತನ್ನು ವಿಧಿಸಿತು.

1824ರಲ್ಲಿ ರಿಪಬ್ಲಿಕನ್ ಪಕ್ಷದವರೇ ಆದ ನಾಲ್ವರು ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿ, ಯಾರಿಗೂ ಬಹುಮತ ಸಿಗದೆ, ಪ್ರತಿನಿಧಿ ಸಭೆಯು ಜಾನ್ ಕ್ವಿನ್ಸಿ ಆಡಮ್ಸ್ ಅವರನ್ನು ಆರಿಸಿತು. ಅಲ್ಲಿಗೆ ಏಕಪಕ್ಷ ಪ್ರಾಬಲ್ಯದ ಕಾಲ ಮುಗಿಯಿತು. ಸೆನೆಟ್‌ನಿಂದ ನಿವೃತ್ತರಾಗುವ ಮುನ್ನ, 1825ರ ಫೆಬ್ರವರಿಯಲ್ಲಿ, ಸಾರ್ವಜನಿಕ ಭೂಮಿಯ ಮಾರಾಟದಿಂದ ಬರುವ ಹಣವನ್ನು ಗುಲಾಮರ ವಿಮೋಚನೆಗೂ, ಸ್ವತಂತ್ರರಾದ ಕಪ್ಪು ಜನರನ್ನು ದೇಶದ ಹೊರಗೆ ನೆಲೆಗೊಳಿಸುವುದಕ್ಕೂ ಬಳಸಬೇಕೆಂಬ ನಿರ್ಣಯವನ್ನು ಕಿಂಗ್ ಮಂಡಿಸಿದರು. ಅದು ಮುಂದುವರಿಯಲಿಲ್ಲ.

ಹೊಸ ಅಧ್ಯಕ್ಷರು ಎಪ್ಪತ್ತು ವರ್ಷದ ಕಿಂಗ್ ಅವರನ್ನು ಮತ್ತೆ ಬ್ರಿಟನ್ನಿಗೆ ರಾಯಭಾರಿಯಾಗಿ ಕಳುಹಿಸಿದರು. ಅನಾರೋಗ್ಯದಿಂದ ಅವರು 1826ರಲ್ಲಿ ಹಿಂದಿರುಗಿದರು. 1827ರ ಏಪ್ರಿಲ್ 29ರಂದು ನಿಧನರಾದ ಅವರನ್ನು ಜಮೈಕದ ಗ್ರೇಸ್ ಚರ್ಚಿನ ಆವರಣದಲ್ಲಿ ಸಮಾಧಿ ಮಾಡಲಾಯಿತು.

ಕುಟುಂಬ ಮತ್ತು ಪರಂಪರೆ

ಹಿರಿಯ ಮಗ ಜಾನ್ ಆಲ್ಸಪ್ ಕಿಂಗ್ 1857–58ರಲ್ಲಿ ನ್ಯೂಯಾರ್ಕ್ ಗವರ್ನರ್ ಆಗಿದ್ದರು. ಚಾರ್ಲ್ಸ್ ಕಿಂಗ್ ಕೊಲಂಬಿಯಾ ಕಾಲೇಜಿನ ಅಧ್ಯಕ್ಷರಾದರು. ಜೇಮ್ಸ್ ಗೋರ್ ಕಿಂಗ್ ನ್ಯೂಜೆರ್ಸಿಯಿಂದ ಪ್ರತಿನಿಧಿ ಸಭೆಗೆ ಆಯ್ಕೆಯಾದರು. ಜಮೈಕದಲ್ಲಿದ್ದ ಕುಟುಂಬದ ಮನೆ ಇಂದು ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ ಕಿಂಗ್ ಮ್ಯಾನರ್ ಎಂಬ ವಸ್ತುಸಂಗ್ರಹಾಲಯವಾಗಿದೆ.

ಅಧ್ಯಕ್ಷ ಹಾಗೂ ಉಪಾಧ್ಯಕ್ಷ ಸ್ಥಾನಗಳಿಗೆ ಮೂರು ಬಾರಿ ಸೋತ ಕಿಂಗ್, ತಮ್ಮ ಪಕ್ಷವನ್ನು ಉಳಿಸಿಕೊಳ್ಳಲಾಗಲಿಲ್ಲ. ಸೆನೆಟ್‌ನಲ್ಲಿ ಬೆರಳೆಣಿಕೆಯ ಸಂಗಡಿಗರೊಂದಿಗೆ ಅವರು ಎತ್ತಿದ ಪ್ರಶ್ನೆಯನ್ನು ಬಹುಮತವು ಆಗ ಮತದಾನದಲ್ಲಿ ಸೋಲಿಸಿತು. ಆದರೆ ಹೊಸ ಪ್ರದೇಶಗಳಲ್ಲಿ ಗುಲಾಮಗಿರಿಯನ್ನು ತಡೆಯುವ ಅಧಿಕಾರ ಕಾಂಗ್ರೆಸ್ಸಿಗೆ ಇದೆಯೆಂಬ ಅವರ ವಾದವೇ 1850ರ ದಶಕದ ಹೊಸ ರಿಪಬ್ಲಿಕನ್ ಪಕ್ಷದ ಮೂಲ ನಿಲುವಾಯಿತು. ಆ ಪಕ್ಷದ ಅಭ್ಯರ್ಥಿಯಾಗಿ ನ್ಯೂಯಾರ್ಕಿನ ಗವರ್ನರ್ ಸ್ಥಾನವನ್ನು ಮೊದಲು ಗೆದ್ದವರು ಅವರ ಮಗ ಜಾನ್ ಆಲ್ಸಪ್ ಕಿಂಗ್.